ಡೀಸೆಲ್ ಸಂಗ್ರಾಹಕ: ಒಂದು ಬೇಗಂ ಬಜಾರ್ ಅಧ್ಯಯನ

ಮೂಸಿ ನದಿಯ ಉತ್ತರಕ್ಕೆ, ಅಫ್ಜಲ್‌ಗಂಜ್ ಮತ್ತು ಉಸ್ಮಾನ್‌ಗಂಜ್‌ಗಳ ಮಗ್ಗುಲಲ್ಲಿ ಹಬ್ಬಿರುವ ಬೇಗಂ ಬಜಾರು ಹೈದರಾಬಾದಿನ ಹಳೆಯ ಸಗಟು ಪೇಟೆಗಳಲ್ಲೊಂದು. ಅಲ್ಲಿ ಹಿತ್ತಾಳೆ ಕೊಡ, ಬಾದಾಮಿ, ಮದುವೆಯ ಪಾತ್ರೆ, ಪ್ಲಾಸ್ಟಿಕ್ ಗೊಂಬೆ ಎಲ್ಲವೂ ಡಜನ್ ಲೆಕ್ಕದಲ್ಲೋ ಕಿಲೋ ಲೆಕ್ಕದಲ್ಲೋ ಡಬ್ಬಿ ಲೆಕ್ಕದಲ್ಲೋ ಕೈಬದಲಾಗುತ್ತವೆ. ಇಂಥ ಪೇಟೆಯಲ್ಲಿ ಒಂದೇ ಒಂದು ಪುಟ್ಟ ಹಲ್ಲುಚಕ್ರಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆದು, ಬಿಡಿಯಾಗಿ ಕೊಡುವುದಿಲ್ಲವೆಂದಾಗ ಅದಿರುವ ಆಟಿಕೆ ರೈಲನ್ನೇ ಒಂದು ಡಜನ್ ಕೊಂಡು, ಹನ್ನೊಂದನ್ನು ಆಟೋದಲ್ಲೇ ಮರೆತು ಇಳಿಯುವ ಗಿರಾಕಿ ಕಂಡುಬಂದರೆ, ಅವನನ್ನು ಮಾದರಿ ಡೀಸೆಲ್ ಎಂಜಿನ್‌ಗಳ ಸಂಗ್ರಾಹಕನೆಂದು ನಿಸ್ಸಂಶಯವಾಗಿ ಗುರುತಿಸಬಹುದು.

ಈ ವರ್ಗದ ಕುರಿತು ಇಲ್ಲಿ ನಿರೂಪಿಸುವ ಸಂಗತಿಗಳಿಗೆ ಅದೇ ಊರಿನ ಕಾಚಿಗುಡದಲ್ಲಿ ನೆಲೆಸಿದ ಒಬ್ಬ ಕನ್ನಡಿಗ ಸಂಗ್ರಾಹಕನೇ ಮುಖ್ಯ ಆಧಾರ, ಮತ್ತು ಅವನ ಬಗೆಗಿನ ಸಾಕ್ಷ್ಯವೆಲ್ಲ ದೊರೆತಿರುವುದು ಅವನ ಷಡ್ಡಕನಿಂದ, ಅಂದರೆ ಅವನ ಹೆಂಡತಿಯ ತಂಗಿಯ ಗಂಡನಿಂದ. ಷಡ್ಡಕನ ಹೇಳಿಕೆಗಳಲ್ಲಿ ಕಹಿ ಬೆರೆತಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲವಾದರೂ, ಸಂಗ್ರಾಹಕನ ಪಾರ್ಸೆಲ್ಲುಗಳೆಲ್ಲ ಅನೇಕ ವರ್ಷ ಆ ಬಡಪಾಯಿಯ ವಿಳಾಸಕ್ಕೇ ಬರುತ್ತಿದ್ದುದನ್ನು ಗಮನಿಸಿದರೆ, ಬೆರೆತ ಕಹಿ ಕಡಿಮೆಯೇ ಎನ್ನಬೇಕು.

ಮಾದರಿಯೆಂದರೆ ಆಟಿಕೆಯಲ್ಲ ಎಂಬುದು ಈ ವರ್ಗದ ಮೂಲ ಸಿದ್ಧಾಂತ. ಆಟಿಕೆ ಎಂಜಿನ್‌ನಂತೆ ಕಂಡರೆ ಸಾಕು. ಮಾದರಿಯಾದರೋ ಎಂಜಿನ್ನಿನ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ ಮಾಡಿದ್ದಾಗಿರಬೇಕು. ಎಚ್‌ಒ ಎಂಬ, ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣದಲ್ಲಿ ಅಸಲಿಯ 87 ಮಿಲಿಮೀಟರು ಮಾದರಿಯಲ್ಲಿ 1 ಮಿಲಿಮೀಟರು ಆಗುತ್ತದೆ. ಹಾಗಾಗಿ ಸುಮಾರು 17 ಮೀಟರು ಉದ್ದದ ಡಬ್ಲ್ಯುಡಿಎಂ-2 ಎಂಜಿನ್ನು ಒಂದು ಗೇಣಿಗೆ ತುಸು ಕಡಿಮೆಯಾಗಿ ಷೋಕೇಸಿನಲ್ಲಿ ಕೂರುತ್ತದೆ. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಎಂ ಎಂದರೆ ಪ್ರಯಾಣಿಕರ ಗಾಡಿಗೂ ಸಾಮಾನಿನ ಗಾಡಿಗೂ ಸಲ್ಲುವಂಥದ್ದು, 2 ಎಂದರೆ ಆ ಜಾತಿಯ ಎರಡನೆಯ ನಮೂನೆ. ಅಮೆರಿಕದ ಆಲ್ಕೊ ಸಂಸ್ಥೆ ರೂಪಿಸಿದ, 1962ರಲ್ಲಿ ಭಾರತಕ್ಕೆ ಬಂದ, 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿದ 2600 ಅಶ್ವಶಕ್ತಿಯ ಈ ಎಂಜಿನ್ನು ದಶಕಗಳ ಕಾಲ ದೇಶದ ಗಾಡಿಗಳನ್ನು ಎಳೆದಿದೆ. ಇಷ್ಟನ್ನು ತಿಳಿಯದೆ ಸಂಗ್ರಾಹಕನ ಮನೆಯಲ್ಲಿ ಎರಡನೆಯ ಕಪ್ ಚಹಾ ಸಿಕ್ಕಿದ ಉದಾಹರಣೆಯಿಲ್ಲ.

ಉಗಿಬಂಡಿಯ ಸಂಗ್ರಾಹಕರಿಗೆ ಇಲ್ಲದ ಒಂದು ಅನುಕೂಲ ಡೀಸೆಲ್ಲಿನವರಿಗೆ ಇದೆ. ಡೀಸೆಲ್ ಎಂಜಿನ್ನು ತಾನು ಸೇರಿದ ಶೆಡ್ಡಿನ ಹೆಸರನ್ನು ಮೈಮೇಲೆ ಬರೆಸಿಕೊಂಡು, ಬಹುಮಟ್ಟಿಗೆ ಆ ಶೆಡ್ಡಿಗೆ ಒಪ್ಪಿದ ಬಣ್ಣವನ್ನೇ ತೊಟ್ಟು ಓಡಾಡಿದ್ದರಿಂದ, ಒಂದೇ ನಮೂನೆಯನ್ನು ಗುತ್ತಿಯದೆಂದು ಒಮ್ಮೆ, ಕಾಜಿಪೇಟೆಯದೆಂದು ಒಮ್ಮೆ, ಕೃಷ್ಣರಾಜಪುರದ್ದೆಂದು ಮತ್ತೊಮ್ಮೆ ಕೊಳ್ಳಲು ಶಾಸ್ತ್ರಸಮ್ಮತವಾದ ಕಾರಣ ದೊರೆಯುತ್ತದೆ. ಹೆಂಡತಿಯ ಕಣ್ಣಿಗೆ ಮೂರೂ ಒಂದೇ ಎಂಜಿನ್ನಾಗಿ ಕಾಣುವುದೂ ಅನುಕೂಲವೇ, ಏಕೆಂದರೆ ನಾಲ್ಕನೆಯದು ಬಂದದ್ದು ಆಕೆಯ ಲೆಕ್ಕಕ್ಕೆ ಸಿಗುವುದಿಲ್ಲ.

ಸೂಕ್ಷ್ಮದ ವಿಷಯದಲ್ಲಿ ಈ ವರ್ಗದವರ ನಿಷ್ಠೆ ಪ್ರಶ್ನಾತೀತ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂಥವರನ್ನು ರಿವೆಟ್ ಎಣಿಸುವವರೆಂದು ಗೇಲಿ ಮಾಡುವುದುಂಟು. ಕಾಚಿಗುಡದ ಸಂಗ್ರಾಹಕ ಎಣಿಸಿ ಮುಗಿಸಿ ಅಳತೆಗೂ ಇಳಿದಿದ್ದಾನೆ. ಡಬ್ಲ್ಯುಡಿಎಂ-2ರ ಬೋಗಿಯಲ್ಲಿ, ಅಂದರೆ ಗಾಲಿಗಳನ್ನು ಹಿಡಿದಿಡುವ ಕೆಳಚೌಕಟ್ಟಿನಲ್ಲಿ, ಮೂರು ಅಚ್ಚುಗಳ ನಡುವಣ ಅಂತರ ಸಮನಾಗಿರುವುದಿಲ್ಲ. ಅದು ಸಮನಾಗಿರುವ ಮಾದರಿಯನ್ನು ಯಾರಾದರೂ ತೋರಿಸಿದರೆ ಅವನ ಮುಖ ಊಟದಲ್ಲಿ ಕಲ್ಲು ಸಿಕ್ಕಿದಂತಾಗುತ್ತದೆ. ಇದಕ್ಕಿಂತ ದೊಡ್ಡ ಸಂಕಟ ಹಳಿಯದು. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರು, ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರು ಹಳಿಗೆ ಸರಿಹೊಂದುವಂಥದ್ದು; ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರಾದ್ದರಿಂದ ನ್ಯಾಯವಾಗಿ 19 ಮಿಲಿಮೀಟರಿಗೂ ಮಿಗಿಲಾದ ಅಗಲ ಬೇಕು. ತನ್ನ ಸಕಲ ಭಾರತೀಯ ಎಂಜಿನ್‌ಗಳೂ ಮೂರು ಮಿಲಿಮೀಟರಿನಷ್ಟು ಕಾಲು ಕೂಡಿಸಿ ನಿಂತಿವೆಯೆಂಬ ಅರಿವಿನಲ್ಲಿ ಅವನು ಬದುಕುತ್ತಾನೆ. ಹಳಿ ಜೋಡಿಸಿ ಓಡಿಸುವ ಕೆಲಸ ಬರುವ ದಸರೆಗೆ ಎಂದು ಪ್ರತಿ ದಸರೆಯಲ್ಲೂ ನಿಶ್ಚಯವಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿ ಮಿನಿಯೇಚರ್ ರೈಲ್ವೆ ಸಂಗ್ರಹಾಲಯಕ್ಕೆ ಶಿರಡಿ ಯಾತ್ರೆಯ ನೆಪದಲ್ಲಿ ಇಡೀ ಸಂಸಾರವನ್ನು ಕರೆದೊಯ್ದು, ಅಲ್ಲಿ ಗಾಡಿಗಳು ನಿಜಕ್ಕೂ ಓಡುವುದನ್ನು ಕಂಡು, ಅವನು ಎರಡು ದಿನ ಮಾತು ಬಿಟ್ಟಿದ್ದನೆಂದು ತಿಳಿದುಬರುತ್ತದೆ.

ಇಷ್ಟು ಕರಾರುವಾಕ್ಕಾದ ಮನುಷ್ಯ ಒಂದೇ ಒಂದು ಸಂಖ್ಯೆಯ ವಿಷಯದಲ್ಲಿ ಸಡಿಲ, ಮತ್ತು ಆ ಸಂಖ್ಯೆ ಬೆಲೆ. ಆಲ್ಕೊ ಮಾದರಿಯ ಚಾಸಿಯನ್ನು ವಿದೇಶದಿಂದ ತರಿಸಿ, ಸುಂಕ ಕಟ್ಟಿ, ಸ್ಟೈರೀನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಅದಕ್ಕೆ ಭಾರತೀಯ ಮೈ ಕಟ್ಟುವ ಹೊತ್ತಿಗೆ ಎಂಜಿನ್ನೊಂದಕ್ಕೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿ ಕರಗಿರುತ್ತದೆ. ಮನೆಯಲ್ಲಿ ಮಾತ್ರ ಅದು ಬೇಗಂ ಬಜಾರಿನಲ್ಲಿ 250 ರೂಪಾಯಿಗೆ ಸಿಕ್ಕಿದ ಮಾಲು. ಈ ಕಥನಕ್ಕೆ ಪುರಾವೆ ಒದಗಿಸುವ ಹೊಣೆ ಷಡ್ಡಕನದು. ಪಾರ್ಸೆಲ್ಲನ್ನು ಅವನು ತನ್ನ ಮನೆಯಲ್ಲಿ ಬಿಡಿಸಿ, ಒಳಗಿನದನ್ನು ಬೇಗಂ ಬಜಾರಿನ ಬಾದಾಮಿ ಡಬ್ಬಿಯಲ್ಲಿಟ್ಟು, ಮೇಲೆ ಕಾಲು ಕಿಲೋ ಬಾದಾಮಿ ಹರಡಿ ಸಾಗಿಸಬೇಕಾಗಿತ್ತು. ಬಾದಾಮಿಯ ಖರ್ಚನ್ನು ಸಂಗ್ರಾಹಕ ಇಂದಿನವರೆಗೂ ಕೊಟ್ಟಿಲ್ಲ. ಷಡ್ಡಕನೇಕೆ ಒಪ್ಪಿದನೆಂಬ ಪ್ರಶ್ನೆಗೆ ಉತ್ತರವೂ ದಾಖಲಾಗಿದೆ: ಅವನ ಕಪಾಟಿನಲ್ಲಿರುವ, ಇನ್ನೂ ಹಾಳೆ ತಿರುವದ ದಪ್ಪ ನಿಘಂಟುಗಳೆಲ್ಲ ಅವನ ಹೆಂಡತಿಯ ತಿಳುವಳಿಕೆಯ ಪ್ರಕಾರ ಅಬಿಡ್ಸಿನ ಭಾನುವಾರದ ಫುಟ್‌ಪಾತಿನಲ್ಲಿ ಐವತ್ತು ರೂಪಾಯಿಗೆ ಸಿಕ್ಕಂಥವು, ಮತ್ತು ಸಂಗ್ರಾಹಕನಿಗೆ ಅದರ ನಿಜಾಂಶ ಗೊತ್ತಿತ್ತು.

ಸುಳ್ಳು ಅಗ್ಗವಾದಷ್ಟೂ ಅಪಾಯ ಹೆಚ್ಚು. ಮೊಮ್ಮಗನ ಹುಟ್ಟುಹಬ್ಬಕ್ಕೆ ಬರುವ ಮಕ್ಕಳಿಗೆ ಕೊಡಲು ಉಡುಗೊರೆ ಯೋಚಿಸುತ್ತಿದ್ದ ಸಂಗ್ರಾಹಕನ ಪತ್ನಿಗೆ, ಇಷ್ಟು ಚೆಂದದ ವಸ್ತು ಇಷ್ಟು ಸೋವಿಯಲ್ಲಿ ಬೇರೆಲ್ಲೂ ಸಿಗದೆಂದು ಹೊಳೆದದ್ದು ಸಹಜ. "ನೀವರೆ ಆರು ತಂದುಕೊಡ್ರಿ, ನಮ್ಮವ್ರು ಇನ್ನೂರೈವತ್ತಕ್ಕ ತಂದಾರ ನೋಡ್ರಿ" ಎಂದು ಆಕೆ ಹೇಳಿದ್ದು ಷಡ್ಡಕನಿಗೆ. ಅವನು ಕಾಲ್ನೋವು, ಕಚೇರಿ, ಗ್ರಹಣ ಎಂದು ಮುಂದೂಡಿದಾಗ ಆಕೆ ಗುತ್ತಿಯ ಹೆಸರಿದ್ದ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ತಾನೇ ಹೊರಟಳು, ಮತ್ತು ಷಡ್ಡಕ ಚೀಲ ಹಿಡಿಯಲು ಹೋಗಲೇಬೇಕಾಯಿತು. ಹಿತ್ತಾಳೆಯ ಸದ್ದು, ಹಮಾಲರ ಕೂಗು, ಗೋಡೆಗೆ ಒರಗಿದ ಕೈಗಾಡಿಗಳ ನಡುವೆ ಆಟಿಕೆ ಅಂಗಡಿಯೊಂದರ ಗಾದಿಯ ಮೇಲೆ ಆ ಎಂಜಿನ್ನು ಇಳಿಯಿತು. ಅಂಗಡಿಯಾತ ಅದನ್ನು ಅಂಗೈಯಲ್ಲಿ ತೂಗಿದ, ತಿರುಗಿಸಿ ಗಾಲಿ ನೋಡಿದ, ಉಗುರಿನಿಂದ ಕೈಕಂಬಿಯ ಸಣ್ಣ ತಂತಿಯನ್ನು ಮೀಟಿದ. ಇದರ ನಿಜವಾದ ಬೆಲೆ ಆ ಗಳಿಗೆಯಲ್ಲೇ ಅವನಿಗೆ ಅಂದಾಜಾಗಿತ್ತೆಂದು ಷಡ್ಡಕ ಪ್ರಮಾಣ ಮಾಡಿ ಹೇಳುತ್ತಾನೆ. ಆದರೆ ಬೇಗಂ ಬಜಾರಿನಲ್ಲಿ ಸಿಗದ ವಸ್ತು ಲೋಕದಲ್ಲುಂಟು ಎಂದು ಒಪ್ಪಿಕೊಳ್ಳುವುದು ಆ ಪೇಟೆಯ ವ್ಯಾಪಾರಿಯ ಧರ್ಮದಲ್ಲಿಲ್ಲ. "ಅಪನಾಇಚ್ ಮಾಲ್ ಹೈ ಅಮ್ಮಾ, ಸ್ಟಾಕ್ ಖತಮ್" ಎಂದು ಅವನು ತಣ್ಣಗೆ ಹೇಳಿ, ಹೊಸ ಲಾಟು ಬಂದರೆ ರೇಟು 300 ಆದೀತೆಂದೂ ಸೇರಿಸಿದ. ಹಳೆಯ ರೇಟಿಗೇ ಕೊಡಬೇಕೆಂದು ಅರ್ಧ ಗಂಟೆ ವಾದಿಸಿ, ಆರಕ್ಕೆ 500 ರೂಪಾಯಿ ಮುಂಗಡ ಕೊಟ್ಟು, ಚೀಟಿ ಬರೆಸಿಕೊಂಡೇ ಆಕೆ ಎದ್ದಳು.

ಸಂಗ್ರಾಹಕನ ಪರವಾಗಿ ಇಲ್ಲಿ ಒಂದು ಮಾತು ಹೇಳದಿದ್ದರೆ ಅಧ್ಯಯನ ಏಕಪಕ್ಷೀಯವಾಗುತ್ತದೆ. ಅವನ ತಾಯಿಯ ತವರು ಕೊಪ್ಪಳದ ಕಡೆ; ಅವನ ಬಾಲ್ಯದಲ್ಲಿ ಕಾಚಿಗುಡದಿಂದ ಕರ್ನೂಲು, ಡೋಣ್, ಗುಂತಕಲ್ಲು, ಬಳ್ಳಾರಿ, ಹೊಸಪೇಟೆಯ ಹಾದಿಯೆಲ್ಲ ಮೀಟರ್‌ಗೇಜ್, ಅಂದರೆ ಒಂದು ಮೀಟರು ಅಗಲದ ಹಳಿ. ಆ ಹಳಿಯ ಡೀಸೆಲ್ ಎಂಜಿನ್ನಾದ ವೈಡಿಎಂ-4 ಅವನ ಷೋಕೇಸಿನ ಮೇಲಿನ ಅಂಕಣದಲ್ಲಿ ಒಂದೇ ಒಂದಿದೆ, ಅದನ್ನು ಅವನು ಕೊಂಡದ್ದಲ್ಲ, ಸ್ಟೈರೀನಿನಲ್ಲಿ ತಾನೇ ಕಟ್ಟಿದ್ದು, ಅದರ ಬೆಲೆಯ ಬಗ್ಗೆ ಅವನು ಯಾರಿಗೂ ಏನೂ ಹೇಳಿಲ್ಲ. 1990ರ ದಶಕದಲ್ಲಿ ಆ ಮಾರ್ಗಗಳೆಲ್ಲ ಬ್ರಾಡ್‌ಗೇಜಾದವು. ಈಗ ಬ್ರಾಡ್‌ಗೇಜಿನ ಮೇಲೂ ವಿದ್ಯುತ್ ತಂತಿ ಬಂದು ಡೀಸೆಲ್ಲಿಗೇ ಕೆಲಸ ಕಡಿಮೆಯಾಗಿದೆ, ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ತನ್ನ ಹೆಸರಿನಿಂದ ಡೀಸೆಲ್ಲನ್ನು 2020ರಲ್ಲಿ ಕೈಬಿಟ್ಟಿದೆ. ಉಗಿಬಂಡಿ ಹೋದಾಗ ಅತ್ತವರು ಬಹಳ ಮಂದಿ, ಹೊಗೆ ಕಾರುವ, ಗದ್ದಲದ, ಎಣ್ಣೆ ಸೋರುವ ಡೀಸೆಲ್ಲಿಗೆ ಅಳುವವರು ಕಡಿಮೆ. ಆ ಕೆಲಸವನ್ನು ಯಾರಾದರೂ ಮಾಡಬೇಕಾಗಿತ್ತು, ಅದು ಒಂದು ಮನೆಯ ಬ್ಯಾಂಕ್ ಖಾತೆಯಿಂದ ನಡೆಯಬೇಕಾಗಿ ಬಂದದ್ದು ಮಾತ್ರ ದುರದೃಷ್ಟ. ಷಡ್ಡಕ ಈ ಭಾಗವನ್ನು ಹೇಳುವಾಗ ಕಹಿಯನ್ನು ಬದಿಗಿಡುತ್ತಾನೆ, ಆದರೆ ಬಾದಾಮಿಯ ಬಾಕಿಯನ್ನು ಇಡುವುದಿಲ್ಲ.

ಮುಂಗಡದ ಚೀಟಿ ಮನೆಗೆ ಬಂದ ಮೇಲೆ ಸಂಗ್ರಾಹಕನಿಗೆ ಉಳಿದದ್ದು ಒಂದೇ ದಾರಿ. ಅವನು ಅದೇ ಅಂಗಡಿಗೆ ಗುಟ್ಟಾಗಿ ಹೋಗಿ, ಒಂದು ಡಜನ್ ಆಟಿಕೆ ರೈಲು ಕೊಂಡು, ಷಡ್ಡಕನ ತಾರಸಿಯ ಕೋಣೆಯಲ್ಲಿ ಕೂತು, ಕೇಳಿದ ಆರಕ್ಕೂ ಮೇಲೊಂದಕ್ಕೂ ಬಣ್ಣ ಹಚ್ಚಿ, ಒಂದಕ್ಕೆ ಗುತ್ತಿ, ಒಂದಕ್ಕೆ ಕಾಜಿಪೇಟೆ ಎಂದು ಮಸೂರದ ಕೆಳಗೆ ಬರೆದು, ಮಾಲನ್ನು ಅಂಗಡಿಗೇ ತಲುಪಿಸಿದ. ಬಾಕಿ ಹಣ ತೀರಿದ ಮೇಲೆ ಅದು ಅಲ್ಲಿಂದ ಅವನ ಮನೆಗೆ ಬಂತು. ಹುಟ್ಟುಹಬ್ಬದ ಸಂಜೆ ಹುಡುಗರು ಅವನ್ನು ಮೊಸಾಯಿಕ್ ನೆಲದ ಮೇಲೆ ಒಂದಕ್ಕೊಂದು ಡಿಕ್ಕಿ ಹೊಡೆಸಿ ಆಡುತ್ತಿದ್ದರೆ, ಸಂಗ್ರಾಹಕ ನೆಲಕ್ಕೆ ಗಲ್ಲ ಹಚ್ಚಿ ಮಲಗಿ, ಕಾಜಿಪೇಟೆಯ ಎಂಜಿನ್ನು ಗುತ್ತಿಯ ಗಾಡಿಯನ್ನು ಹೀಗೆ ಎಳೆಯುವುದಿಲ್ಲವೆಂದು ಆರು ವರ್ಷದವನೊಬ್ಬನಿಗೆ ವಿವರಿಸುತ್ತಿದ್ದುದನ್ನು ಅನೇಕರು ಕಂಡಿದ್ದಾರೆ. ಅಂಗಡಿಯಾತ ನಮೂನೆಗೆಂದು ಒಂದನ್ನು ಇಟ್ಟುಕೊಂಡಿದ್ದ ಕಾರಣ ಅದಕ್ಕೆ ಗಿರಾಕಿಗಳು ಹುಟ್ಟಿಕೊಂಡು, ಈಗ ಅವನು ಎರಡು ಡಜನ್‌ಗೆ ಆರ್ಡರ್ ಕೊಟ್ಟಿದ್ದಾನೆ. ಸಂಗ್ರಾಹಕ ಒಲ್ಲೆನೆಂದರೂ, 300ರ ರೇಟಿನಲ್ಲಿ ಒಂದಕ್ಕೆ 50 ರೂಪಾಯಿ ಉಳಿಯುತ್ತದೆಂದು ಲೆಕ್ಕ ಹಾಕಿದ ಪತ್ನಿ ಆರ್ಡರ್ ಒಪ್ಪಿಕೊಂಡಿದ್ದಾಳೆ, ಮತ್ತು ಬಣ್ಣದ ಕೆಲಸಕ್ಕೆ ಷಡ್ಡಕನ ತಾರಸಿಯೇ ಸರಿಯೆಂದು ನಿರ್ಧಾರವಾಗಿದೆ.