ಗಾರೆಗೆ ಮುಂಚೆ ಒಂದು ಮಾತು

ಏನ್ ಮೇಷ್ಟ್ರೇ, ಮಹಡಿ ಗೋಡೆ ಎದ್ದೇಬಿಡ್ತಲ್ಲ! ಗಾರೆ ಯಾವತ್ತಿಂದ? ಸೋಮವಾರಾನಾ? ಹಾಗಾದ್ರೆ ಗೋಡೆಗೆ ನೀರು ಹಾಕೋದು ಬಿಟ್ಟು ಒಂದ್ನಿಮಿಷ ಕಾಂಪೌಂಡ್ ಹತ್ರ ಬನ್ನಿ. ಕರೆಂಟಿನ ಪೈಪು ಕೂರಿಸಿದ್ದು ನೋಡ್ದೆ. ಇಂಟರ್ನೆಟ್ಟಿಗೆ?

ವೈಫೈ ಇದೆ ಅಂತೀರಿ. ಇರ್ಲಿ ಬಿಡಿ. ಡಬ್ಬ ಕೆಳಗೆ ಹಾಲಲ್ಲಿ, ನಿಮ್ಮ ಹುಡುಗ ಓದೋದು ಮಹಡಿ ಮೂಲೇಲಿ, ನಡುವೆ ಕಬ್ಬಿಣ ತುಂಬಿದ ಮೋಲ್ಡು. 5 ಗಿಗಾಹರ್ಟ್ಸ್ ಸಿಗ್ನಲ್ಲು ಜೋರೇ, ಆದ್ರೆ ಕಾಂಕ್ರೀಟ್ ದಾಟೋಷ್ಟರಲ್ಲಿ ಸುಸ್ತು. 2.4 ದಾಟತ್ತೆ, ಆದ್ರೆ ಬೀದೀಲಿರೋ ಎಲ್ಲರ ಮನೆ ಡಬ್ಬಗಳೂ ಅದರಲ್ಲೇ ಕೂಗಾಡ್ತಿರ್ತವೆ. ಮೊಬೈಲಿಗೆ ಸಾಕು. ಟೀವಿ, ಕಂಪ್ಯೂಟರು ಕೂತ ಕಡೆಯಿಂದ ಕದಲೋದಿಲ್ವಲ್ಲ, ಅವಕ್ಕೆ ವೈರೇ ಸರಿ.

ವೈರ್ ಆಮೇಲೂ ಎಳೀಬಹುದು, ಪೈಪು ಮಾತ್ರ ಈಗ್ಲೇ ಆಗ್ಬೇಕು. ಪೇಂಟ್ ಆದ್ಮೇಲೆ ಗೋಡೆ ಕೊರೀತೀನಿ ಅಂದ್ರೆ ಮನೆಯವರು ನಿಮ್ಮನ್ನೇ ಆಚೆ ಹಾಕ್ತಾರೆ. ಅಗಲವಾದ ಪೈಪೇ ಹಾಕಿಸಿ. ಪ್ರತಿ ರೂಮಿಂದಲೂ ಸೀದಾ ಒಂದೇ ಜಾಗಕ್ಕೆ ಬರ್ಲಿ, ಅದೂ ಇನ್ವರ್ಟರ್ ಪಕ್ಕ. ಮುಂದೆ ವೈರ್ ಹಳತಾದ್ರೆ ಅದರ ಬಾಲಕ್ಕೇ ಹೊಸದನ್ನ ಕಟ್ಟಿ ಎಳ್ಕೊಂಡ್ರಾಯ್ತು.

ಎಲೆಕ್ಟ್ರೀಷಿಯನ್ ಹುಡುಗ "ಕರೆಂಟ್ ಪೈಪಲ್ಲೇ ತೂರಿಸ್ತೀನಿ ಸಾರ್" ಅಂತ ಹಲ್ಲು ಕಿರೀತಾನೆ. ಒಪ್ಕೋಬೇಡಿ. ಒಳಗೆಲ್ಲಾದ್ರೂ ಸಿಪ್ಪೆ ಸುಲಿದ್ರೆ 230 ವೋಲ್ಟು ನೇರ ನಿಮ್ಮ ಹುಡುಗನ ಕಂಪ್ಯೂಟರಿಗೆ! ಬೇರೆ ಪೈಪು, ಆದಷ್ಟೂ ದೂರ. ದಾಟಲೇಬೇಕಾದ್ರೆ ಕೂಡುವ ಗುರುತಿನ ಹಾಗೆ ಅಡ್ಡ ದಾಟ್ಲಿ, ಜೊತೆಜೊತೇಲಿ ಓಡೋದು ಬೇಡ.

ವೈರು ಕ್ಯಾಟ್ ಸಿಕ್ಸ್ ತಗೊಳ್ಳಿ, ಪೂರ್ತಿ ತಾಮ್ರದ್ದು. ಅಗ್ಗ ಅಂತ ಕೊಡೋದ್ರಲ್ಲಿ ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟಿರ್ತಾರೆ, ಬ್ಲೇಡಲ್ಲಿ ಕೆರೆದ್ರೆ ಬೆಳ್ಳಗೆ ಹಲ್ಲು ತೋರ್ಸತ್ತೆ. 100 ಮೀಟರಿನವರೆಗೂ ಎಳೀಬಹುದು. ನಿಮ್ಮ 30-40 ಸೈಟಲ್ಲಿ ಅಷ್ಟುದ್ದ ಎಲ್ಲಿಗೆ ಎಳೀತೀರಿ?

ಒಳಗೆ ಎಂಟೆಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. ಹೊಸೆಯೋದು ನಮ್ಮ ಟೆಲಿಫೋನಿನವರ ವಿದ್ಯೆ ಮೇಷ್ಟ್ರೇ! ಬೆಲ್ ಸಾಹೇಬ 1881ರಲ್ಲೇ ಅದಕ್ಕೆ ಪೇಟೆಂಟ್ ತಗೊಂಡಿದ್ದ. ಜೋಡೀಲಿ ಒಂದೆಳೆಗೆ ಬಡಿದ ಗದ್ದಲ ಇನ್ನೊಂದಕ್ಕೂ ಅಷ್ಟೇ ಬಡಿಯತ್ತೆ, ತುದೀಲಿ ಕಳೆದ್ರೆ ಸೊನ್ನೆ. ಕೇಬಲ್ ಜಾಯಿಂಟ್ ಮಾಡ್ತಾ ತಲೆ ನೆರೆಸಿಕೊಂಡೋನು ಹೇಳ್ತಿದೀನಿ, ತುದಿಯ ಪಿನ್ನು ಕೂರಿಸೋ ಹುಡುಗನ ಕೈ ಮೇಲೆ ಕಣ್ಣಿಟ್ಟಿರಿ. ಹೊಸೆದದ್ದನ್ನ ಅಂಗುಲಗಟ್ಟಲೆ ಬಿಚ್ಚಬಾರ್ದು. ಬಣ್ಣಗಳ ಸಾಲು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹಸಿರು ಜೋಡಿ ಬೇರೆಯಾಗಿ ನಡುವೆ ನೀಲಿ ಜೋಡಿ ಕೂತಿರತ್ತೆ, ಜಗಳವಾಡಿದ ಗಂಡ ಹೆಂಡತಿ ಮಧ್ಯೆ ನೆಂಟರು ಕೂತ ಹಾಗೆ. ಹುಡುಗ ಅಂದಕ್ಕೆ ಅಂತ ಜೋಡಿ ಜೋಡಿಯಾಗೇ ಕೂರಿಸಿಬಿಟ್ರೆ ಟೆಸ್ಟರಲ್ಲಿ ಎಂಟೂ ದೀಪ ಉರೀತವೆ, ಸ್ಪೀಡ್ ಮಾತ್ರ ಬರೋಲ್ಲ. ನೀಲಿ ಇಲ್ಲಾ ಕಂದು ಜೋಡೀಲಿ ಒಂದೆಳೆ ತುಂಡಾಗಿದ್ರೂ ಸಾವಿರ ಎಂಬಿಪಿಎಸ್ ಓಡ್ಬೇಕಾದ್ದು ನೂರಕ್ಕೇ ನಿಂತ್ಕೊಳ್ಳತ್ತೆ.

ಹಿತ್ತಲ ಶೆಡ್ಡಿಗೂ ಬೇಕಾ? ಹೊರಗೆ ತಾಮ್ರ ಬೇಡ, ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗಾಗತ್ತೆ. ಫೈಬರ್ ಹಾಕ್ಸಿ, ಗಾಜಿನಲ್ಲಿ ಕರೆಂಟ್ ಹರಿಯಲ್ಲ.

ಏನು, ದೇವರ ಮನೇಲೂ ಒಂದು ಪಾಯಿಂಟಾ? ಓಹೋ, ಅಮೆರಿಕದ ಮಗಳು ಗೌರಿ ಪೂಜೆ ನೋಡ್ಬೇಕು ಅಂದ್ಳಾ! ಧಾರಾಳವಾಗಿ ಹಾಕ್ಸಿ. ದೀಪದ ನೇರಕ್ಕೆ ಮಾತ್ರ ಬೇಡ, ಎಣ್ಣೆ ಜಿಡ್ಡು ಹಿಡಿಯತ್ತೆ. ಅಗೋ ಮೇಸ್ತ್ರಿ ಬಂದ, ಹಿಡೀರಿ ಹಿಡೀರಿ, ಆಮೇಲೆ ಸಿಗಲ್ಲ ಆ ಮನುಷ್ಯ.