ಮೇ ತಿಂಗಳ ಸಂಕ್ರಾಂತಿ

ನಮ್ಮ ಮನೆಯಲ್ಲಿ ಸಂಕ್ರಾಂತಿ ಬರುವುದು ಮೇ ತಿಂಗಳಲ್ಲಿ. ಊರಿಗೆಲ್ಲ ಅದು ಜನವರಿ 14ಕ್ಕೋ 15ಕ್ಕೋ ಬರುತ್ತದೆ. ಅಷ್ಟು ಹೊತ್ತಿಗೆ ನಮಗೆ ಎಳ್ಳು ಕಂಡರೆ ಓಡಿಹೋಗೋಣ ಅನ್ನಿಸಿರುತ್ತದೆ.

ಹೆಂಡತಿಯೂ ನಾದಿನಿಯೂ ಸೇರಿ ಎಳ್ಳುಬೆಲ್ಲದ ವ್ಯಾಪಾರ ಶುರುಮಾಡಿದಾಗ ನನ್ನ ಪಾಲಿಗೆ ಬಂದದ್ದು ಡಬ್ಬಿಯ ಖಾತೆ. ಕೊಬ್ಬರಿ ಹೆಚ್ಚಲು ಕೊಟ್ಟರೆ ಬೆರಳು ಹೆಚ್ಚಿಕೊಳ್ಳುತ್ತೇನೆ, ಕಡಲೆಬೀಜ ಹುರಿಯಲು ಕೊಟ್ಟರೆ ಆರುವುದರೊಳಗೆ ಅರ್ಧ ಖಾಲಿ. ಬಾಯಿಗೆ ಹಾಕಿಕೊಳ್ಳಲಾಗದ ವಸ್ತು ಡಬ್ಬಿಯೊಂದೇ ಎಂದು ಅವರಿಬ್ಬರೂ ತೀರ್ಮಾನಿಸಿದರು. ನಾನು ಮಾತ್ರ ಇದನ್ನು ಬಡ್ತಿ ಎಂದೇ ತಿಳಿದು ಒಂದು ನೋಟ್‌ಬುಕ್ಕು ಕೊಂಡೆ.

ಮೇ ಏಕೆ ಎಂದರೆ ಪ್ರಿಂಟಿಂಗ್ ಪ್ರೆಸ್ಸಿನವರನ್ನು ಕೇಳಬೇಕು. "ಗಣೇಶನ್ನ ಕಳಿಸಿದ ಮಾರನೇ ದಿನದಿಂದ ದೀಪಾವಳಿ ಸ್ವೀಟ್ ಬಾಕ್ಸು ಸಾರ್. ಅದು ಮುಗಿಯೋಕ್ ಮುಂಚೆ ಕ್ಯಾಲೆಂಡರು, ಡೈರಿ. ಮಧ್ಯೆ ಮದುವೆ ಕಾರ್ಡು. ನಿಮ್ಮ ಸಾವಿರ ಡಬ್ಬಿಗೆ ಮಿಷಿನ್ ನಿಲ್ಸಕ್ಕಾಗುತ್ತಾ?" ಆಗುವುದಿಲ್ಲ. ಪ್ಲೇಟು, ಛಾಪು, ಲ್ಯಾಮಿನೇಷನ್, ಡೈ ಹೊಡೆಯುವುದು, ಮಡಿಚಿ ಅಂಟಿಸುವುದು; ಒಂದೊಂದಕ್ಕೂ ಒಂದೊಂದು ಗಲ್ಲಿ, ಒಂದೊಂದು 'ನಾಳೆ ಬನ್ನಿ'. ನಮ್ಮದು ಸೂರ್ಯನ ಹಬ್ಬ, ತಾರೀಕು ಒಂದು ದಿನ ಆಚೀಚೆ ಆದರೆ ಹೆಚ್ಚು. ಚಂದ್ರನನ್ನು ನಂಬಿ ಡಬ್ಬಿ ಮಾಡಿಸುವವರ ಪಾಡು ನೋಡಿ: ನರಕ ಚತುರ್ದಶಿ 2025ರಲ್ಲಿ ಅಕ್ಟೋಬರ್ 20ಕ್ಕೆ ಬಂದರೆ, ಅಧಿಕ ಜ್ಯೇಷ್ಠದ ದೆಸೆಯಿಂದ 2026ರಲ್ಲಿ ನವೆಂಬರ್ 8ಕ್ಕೆ.

ಡಬ್ಬಿಯ ಮೇಲೆ ಚಿತ್ರ ಬೇಡವೇ? ಕಂಪ್ಯೂಟರಿನಲ್ಲಿ ಸಿಗುವ ಎತ್ತು, ಗಾಳಿಪಟ ಎಲ್ಲರ ಡಬ್ಬಿಯ ಮೇಲೂ ಇರುತ್ತವೆ, ನಮ್ಮದು ಅಸಲಿ ಇರಲಿ ಎಂದವನು ನಾನೇ. ಅಸಲಿ ಸಂಕ್ರಾಂತಿಗೆ ಕಬ್ಬು, ಅವರೆಕಾಯಿ, ಸಕ್ಕರೆ ಅಚ್ಚು ಮತ್ತು ರೇಷ್ಮೆ ಲಂಗದ ಹುಡುಗಿ ಬೇಕು. 2025ರ ಮೇ ತಿಂಗಳ ಬೆಂಗಳೂರಿನಲ್ಲಿ ಇವುಗಳ ಪೈಕಿ ಹುಡುಗಿಯೊಬ್ಬಳೇ ಲಭ್ಯ: ನಾದಿನಿಯ ಮಗಳು. ಅವಳೂ ಎರಡು ರಸಪುರಿ ಹಣ್ಣಿನ ಲಂಚಕ್ಕೆ ಒಪ್ಪಿದ್ದಳು.

ಕಬ್ಬಿಗೆ ಮೂಲೆಯ ಜ್ಯೂಸಿನ ಗಾಡಿಯೇ ಗತಿ. ಆದರೆ ಅವನ ಕಬ್ಬಿಗೆ ಗರಿ ಇಲ್ಲ, ಬೋಳು. ಬೋಳು ಕಬ್ಬು ಹಿಡಿದು ನಿಂತ ಹುಡುಗಿ, ನಾಯಿ ಓಡಿಸಲು ಹೊರಟ ಹಾಗಿದ್ದಳು. ಆಗ ಹೊಳೆಯಿತು ನನಗೆ, ಮಹಡಿಯ ಕುಂಡದ ಮಜ್ಜಿಗೆ ಹುಲ್ಲು! ಇಡೀ ಬುಡ ಕೊಯ್ದು ತಂದು, ಕಬ್ಬಿನ ತುದಿಗೆ ಹೂ ಕಟ್ಟುವ ದಾರದಲ್ಲಿ ಬಿಗಿದೆ. ಇಂದಿಗೂ ಹೇಳುತ್ತೇನೆ, ಮಂಡ್ಯದ ರೈತನೇ ಬಂದಿದ್ದರೂ ನಾಲ್ಕು ಹೆಜ್ಜೆ ದೂರದಿಂದ ಮೋಸಹೋಗುತ್ತಿದ್ದ. ಐದನೇ ಹೆಜ್ಜೆಗೆ ನಿಂಬೆಯ ವಾಸನೆ ಬಡಿಯುತ್ತಿತ್ತು, ಅದು ಬೇರೆ ಮಾತು. ಫೋಟೊದಲ್ಲಿ ವಾಸನೆ ಬರುತ್ತದೆಯೇ? ಅವರೆಕಾಯಿಯ ಜಾಗಕ್ಕೆ ಬೀನ್ಸ್ ಬಂತು, 'ಸ್ವಲ್ಪ ಮಸುಕಾಗಿ ತೆಗಿ' ಎಂಬ ಷರತ್ತಿನ ಮೇಲೆ.

ಸಕ್ಕರೆ ಅಚ್ಚಿನದೇ ದೊಡ್ಡ ಕಥೆ. ಮರದ ಅಚ್ಚುಗಳನ್ನು ಅಟ್ಟದಿಂದ ಇಳಿಸಿ ನೀರಲ್ಲಿ ನೆನೆಹಾಕಿ, ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬೆಳ್ಳಗಾಗುವ ತನಕ ತಿರುವಿ ಹೊಯ್ದದ್ದಾಯಿತು. ಬಿಡಿಸಿದರೆ ಗಿಣಿ ಬಂತು, ಕೊಕ್ಕು ಅಚ್ಚಿನೊಳಗೇ ಉಳಿಯಿತು. ಹೊರಗೆ ಮಳೆ ಮೋಡ. ಥಂಡಿಗೆ ಗಿಣಿ ಬೆವರಲು ಶುರುವಾಯಿತು, ಬೆವರಿನ ಹಿಂದೆಯೇ ಇರುವೆಗಳು. ಒಂದಲ್ಲ, ಎರಡಲ್ಲ, ಬಾಲದಿಂದ ಕುತ್ತಿಗೆಯ ತನಕ ಶಿಸ್ತಾಗಿ ಮೆರವಣಿಗೆ. ನಾನು ಮಗುವಿನ ಪೇಂಟಿಂಗ್ ಬ್ರಷ್ಷು ಹಿಡಿದು ಉಸಿರು ಬಿಗಿಹಿಡಿದು ಗುಡಿಸುತ್ತೇನೆ. ಕ್ಯಾಮೆರಾ ಹುಡುಗ ಕ್ಲಿಕ್ಕಿಸುವಷ್ಟರಲ್ಲಿ ಹೊಸ ಮೆರವಣಿಗೆ. "ಇರ್ಲಿ ಬಿಡಿ ಅಂಕಲ್, ನ್ಯಾಚುರಲ್ ಆಗಿದೆ" ಎಂದ ಅವನು. ಒಳಗಿಂದ ಹೆಂಡತಿ: "ರೀ, ಇರುವೆ ಬಿಟ್ಟರೆ ಡಬ್ಬಿ ಮೇಲೆ ಹಸಿರು ಚುಕ್ಕೆ ತೆಗೆದು ಕಂದು ತ್ರಿಕೋನ ಹಾಕ್ಬೇಕಾಗುತ್ತೆ!" ಲಂಗದ ಜರಿ ಚುಚ್ಚಿ ಹುಡುಗಿ ಅಳುವ ಹೊತ್ತಿಗೆ ಒಂದು ಚಿತ್ರ ಸಿಕ್ಕಿತು. ಕೊಕ್ಕನ್ನು ಕಂಪ್ಯೂಟರಿನಲ್ಲಿ ಅಂಟಿಸಿದರು. ಅಸಲಿ ಬೇಕು ಎಂದವನು ಬಾಯಿಮುಚ್ಚಿಕೊಂಡು ದುಡ್ಡು ಕೊಟ್ಟೆ.

ಮಿಕ್ಕದ್ದು ಬೇಗ ಮುಗಿಯಿತು. ಹಿಂಬದಿಗೆ ನಿವ್ವಳ ತೂಕ, ಪದಾರ್ಥಗಳ ಪಟ್ಟಿ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಬೆಲೆಯನ್ನೂ ಅಲ್ಲೇ ಅಚ್ಚುಹಾಕಿಸೋಣ, ಚೆಂದ ಕಾಣುತ್ತದೆ ಎಂದು ನನ್ನ ವಾದ. ಜಾಗ ಖಾಲಿ ಇರಲಿ, ಆಮೇಲೆ ಸೀಲು ಹೊಡೆಯೋಣ ಎಂದು ಹೆಂಡತಿಯ ಹಟ. ಆ ವರ್ಷವೇ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 20 ಸಾವಿರ ದಾಟಿತು. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾಗಿ ದೊಡ್ಡ ದೊಡ್ಡ ಕಂಪನಿಗಳೇ ಹಳೆ ಪೊಟ್ಟಣಗಳ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸುತ್ತ ಕೂತವು. ನಮ್ಮ ಮನೆಯಲ್ಲಿ ಆ ಖಾಲಿ ಚೌಕವನ್ನು ಈಗಲೂ ಬಂದವರಿಗೆಲ್ಲ ತೋರಿಸಲಾಗುತ್ತದೆ, ನನ್ನ ಎದುರಿಗೇ.

ಡಿಸೆಂಬರಿನಲ್ಲಿ ಆಫೀಸುಗಳ ಆರ್ಡರು. ಒಬ್ಬರಿಗೆ ಡಬ್ಬಿಯ ಮೇಲೆ ಸಂಕ್ರಾಂತಿ, ಪೊಂಗಲ್, ಲೋಹ್ರಿ ಮೂರೂ ಬೇಕು, "ಯಾರಿಗೂ ಬೇಜಾರಾಗಬಾರದು" ಅಂತ. ಇನ್ನೊಬ್ಬರಿಗೆ ಡಬ್ಬಿ ಇದೇ ಸಾಕು, ಒಳಗೆ ಎಳ್ಳು ಬೇಡ, ಬಾದಾಮಿ ಗೋಡಂಬಿ ಹಾಕಿ! ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ಇವರ ಜೊತೆ ಫೋನಿನಲ್ಲಿ ಒಳ್ಳೆ ಮಾತಾಡಲು ನಾನು ಎಷ್ಟು ಎಳ್ಳು ತಿಂದೆನೋ!

ಆ ತಿಂಗಳೇ ಲೆಕ್ಕ ಬರೆಯುತ್ತ ಕೂತಾಗ ಒಂದು ಸಾಲಿನ ಮೇಲೆ ಪೆನ್ನು ನಿಂತಿತು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲವನ್ನು ಅಡಕತ್ತರಿಯಲ್ಲಿ ಕಾಳಿನಷ್ಟು ಮಾಡಿ ಕೊಡುವ ಹೆಂಗಸರು ನಮ್ಮ ಹಿಂದಿನ ಬೀದಿಯವರು. ಸಂಜೆಗೆ ಅವರ ತೋರುಬೆರಳು ಬೊಬ್ಬೆ ಬಂದಿರುತ್ತದೆ, ಬಟ್ಟೆ ಸುತ್ತಿಕೊಂಡು ಮತ್ತೆ ಕೂರುತ್ತಾರೆ. ಒಂದು ಡಬ್ಬಿಯ ಎಳ್ಳುಬೆಲ್ಲಕ್ಕೆ ಅವರ ಕೈಗೆ ಹೋದ ಕೂಲಿ, ಬರೀ ಡಬ್ಬಿಗೆ ನಾವು ಕೊಟ್ಟ ದುಡ್ಡಿಗಿಂತ ಕಡಿಮೆ ಇತ್ತು. ಹೆಂಡತಿಗೆ ತೋರಿಸಿದೆ. ಅವಳು ಏನೂ ಹೇಳದೆ ನನ್ನ ನೋಟ್‌ಬುಕ್ಕು ತೆಗೆದುಕೊಂಡು, ಮುಂದಿನ ಸಲದ ಡಬ್ಬಿಯಿಂದ ಹೊಳಪಿನ ಲ್ಯಾಮಿನೇಷನ್ನನ್ನೂ ಬಂಗಾರದ ಅಂಚನ್ನೂ ಹೊಡೆದುಹಾಕಿ, ಆ ದುಡ್ಡನ್ನು ಹೆಚ್ಚುವ ಕೂಲಿಗೆ ಸೇರಿಸಿದಳು.

ಆದ್ದರಿಂದ ಓದುಗರಲ್ಲಿ ವಿನಂತಿ: ಈ ಸಲ ಡಬ್ಬಿ ಮಂಕಾಗಿ ಕಂಡರೆ ಕೇಳಬೇಡಿ. ಎಳ್ಳುಬೆಲ್ಲ ಬೇಕಾದವರು ಗಣೇಶನ ಹಬ್ಬದೊಳಗೆ ಹೇಳಿ. ಮನೆಯಿಂದ ಸ್ಟೀಲ್ ಡಬ್ಬಿ ತಂದವರಿಗೆ ಬೆಲೆಯಲ್ಲಿ ರಿಯಾಯಿತಿ ಉಂಟು.