ಅಂದಾಜುರಾಯರ ಕಡಲು

ಹೈದರಾಬಾದಿಗೆ ಸಮುದ್ರವಿಲ್ಲ. ಭೂಗೋಳದ ಪುಸ್ತಕದಲ್ಲಿ ಅರ್ಧ ಸಾಲಿಗೆ ಮುಗಿದುಹೋಗುವ ಈ ಸಂಗತಿ, ಬರ್ಕತ್‌ಪುರದಲ್ಲಿ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ವಾಸಿಸುವ ಮಹನೀಯರೊಬ್ಬರ ಬಾಳಿನಲ್ಲಿ ಮಾತ್ರ ನಾಲ್ವತ್ತು ವರ್ಷಗಳ ಹತ್ತಿರ ಹತ್ತಿರ ಮುಗಿಯದೆ ನಡೆದುಬಂದಿದೆ. ಸಂಜೆ ಟ್ಯಾಂಕ್‌ಬಂಡಿನ ಬೆಂಚಿನ ಮೇಲೆ ಕುಳಿತು, ಹುಸೇನ್‌ಸಾಗರದ ಮೇಲಿಂದ ಬೀಸಿಬರುವ, ಸುಗಂಧಕ್ಕೆ ಎಂದೂ ಹೆಸರಾಗದ ಗಾಳಿಯನ್ನು ಸೇವಿಸುತ್ತ, "ಇದ ಗಾಳಿ ಗೋವಾದಾಗ ಎಷ್ಟಕ್ಕ ಬೀಳತದ ಗೊತ್ತೇನ್ರಿ?" ಎಂದು ಅವರು ಕೇಳಿದರೆಂದರೆ, ಆ ವರ್ಷದ ಕಡಲತೀರದ ಪ್ರವಾಸದ ಆಯವ್ಯಯಕ್ಕೆ ಶ್ರೀಕಾರ ಬಿದ್ದಿತೆಂದೇ ಅರ್ಥ. ಅವರ ನಿಜನಾಮಧೇಯದಿಂದ ಓದುಗರಿಗೆ ಆಗಬೇಕಾದುದೇನೂ ಇಲ್ಲ. ಮೊದಮೊದಲು ಬೆನ್ನ ಹಿಂದೆಯೂ, ಈಚೀಚೆಗೆ ಎದುರಿನಲ್ಲಿಯೇ, ನಾವು ಅವರನ್ನು ಅಂದಾಜುರಾಯರೆಂದು ಕರೆಯುತ್ತೇವೆ.

ಇಂಥವರು ಜಗತ್ತಿಗೊಬ್ಬರೇ ಎಂದು ಯಾರೂ ಭ್ರಮಿಸಬಾರದು. ಮದುವೆಯ ಊಟಕ್ಕಿಂತ ಮದುವೆಯ ಸಾಮಾನಿನ ಪಟ್ಟಿಯಲ್ಲಿಯೂ, ಮನೆ ಕಟ್ಟುವುದಕ್ಕಿಂತ ಮನೆಯ ನಕ್ಷೆ ತಿದ್ದುವುದರಲ್ಲಿಯೂ ಹೆಚ್ಚಿನ ರುಚಿಯನ್ನು ಕಾಣುವ ಈ ಕುಲ ಎಲ್ಲ ಬಡಾವಣೆಗಳಲ್ಲಿಯೂ ಹಬ್ಬಿಕೊಂಡಿದೆ. ಇವರನ್ನು ಜಿಪುಣರೆನ್ನುವುದು ಅನ್ಯಾಯ; ಖರ್ಚಿನ ಮಾತೆತ್ತಿದರೆ ಜಿಪುಣನು ಎದ್ದುಹೋಗುತ್ತಾನೆ, ಇವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ನಮ್ಮ ರಾಯರ ತಂದೆ ರಾಯಚೂರಿನ ಕಡೆಯಿಂದ ನಿಜಾಮರ ಕಾಲದಲ್ಲಿ ನೌಕರಿಗೆಂದು ಇಲ್ಲಿಗೆ ಬಂದವರು. 1956ರ ನವೆಂಬರ್ ಒಂದರಂದು ಬೀದರ, ಗುಲ್ಬರ್ಗ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ, ಊರು ಒಂದು ಕಡೆಗೂ ಸಂಬಳ ಇನ್ನೊಂದು ಕಡೆಗೂ ಆಗಿ, ಸಂಬಳದ ಕಡೆಗೆ ಉಳಿದುಕೊಂಡ ಅನೇಕ ಕನ್ನಡ ಮನೆತನಗಳಲ್ಲಿ ಅವರದೂ ಒಂದು. ರಾಯರು ಕಾಚಿಗುಡದ ಕನ್ನಡ ಶಾಲೆಯಲ್ಲಿ ಓದಿ, ಮೂವತ್ತೈದು ವರ್ಷ ಸರಕಾರಿ ಲೆಕ್ಕಪರಿಶೋಧನೆಯಲ್ಲಿ ಪರರ ಖರ್ಚಿನ ಮೇಲೆ ಆಕ್ಷೇಪಣೆಗಳನ್ನೆತ್ತಿ ನಿವೃತ್ತರಾದರು. ನಿವೃತ್ತರಾದ ಮೇಲೆ ಆಕ್ಷೇಪಿಸಲು ಉಳಿದದ್ದು ಸ್ವಂತ ಖರ್ಚೊಂದೇ. ಅವರ ಆಯುಧಗಳು ಎರಡು: ಕೆಂಪು ಬಟ್ಟೆಯ ರಟ್ಟಿನ ಒಂದು ಖಾತೆಪುಸ್ತಕ, ಒಂದು ತುದಿಗೆ ಕೆಂಪು ಇನ್ನೊಂದು ತುದಿಗೆ ನೀಲಿಯಾದ ಒಂದು ಪೆನ್ಸಿಲು. ಪ್ರತಿ ಪುಟದ ಬಲತುದಿಯಲ್ಲಿ 'ಷರಾ' ಎಂಬ ಕಾಲಂ ತಪ್ಪದೆ ಇರುತ್ತದೆ.

ಬಹುಕಾಲ ಗೋಕರ್ಣದ ಲಾಡ್ಜಿನ ಮಟ್ಟದಲ್ಲಿದ್ದ ಈ ಅಂದಾಜು, ಮಗ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಸಂಬಳಕ್ಕೆ ಸೇರಿದ ಮೇಲೆ ಗೋವೆಯ ವಿಲ್ಲಾದವರೆಗೆ ಏರಿತು. "ಅಪ್ಪಾ, ರೊಕ್ಕದ ಚಿಂತಿ ನನಗ ಬಿಡ್ರಿ, ನಾಲ್ಕು ಬೆಡ್‌ರೂಮಿಂದು, ಸ್ವಂತ ಈಜುಕೊಳ ಇದ್ದದ್ದು ನೋಡ್ರಿ" ಎಂದು ಮಗ ಹೇಳಿದನಂತೆ. ಚಿಂತೆಯನ್ನು ಬಿಡುವುದೆಂದರೆ ರಾಯರಿಗೆ ಪಿತ್ರಾರ್ಜಿತ ಹೊಲವನ್ನು ಬಿಟ್ಟುಕೊಟ್ಟಂತೆ. ಮಗನ ಹಣದಲ್ಲಿಯೇ ಮಗನಿಗೆ ಉಳಿತಾಯ ಮಾಡಿಕೊಡುವ ಪುಣ್ಯಕಾರ್ಯಕ್ಕೆ ಅವರು ಕಂಕಣ ಕಟ್ಟಿದರು; ಹಂಚಿದರೆ ಹಗುರವೆಂಬ ನ್ಯಾಯದಿಂದ ನನ್ನನ್ನೂ ನನ್ನ ಪತ್ನಿಯನ್ನೂ ಪಾಲುದಾರರನ್ನಾಗಿ ಸೇರಿಸಿಕೊಂಡರು. ನಾನು ಒಪ್ಪಿದೆನೆಂದಲ್ಲ, ಒಪ್ಪಿಗೆಗೆಂದು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಮೊದಲನೆಯ ಅಧ್ಯಾಯ ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳ ಪ್ರಕಾರ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇಕಡಾ 5ರಷ್ಟು ತೆರಿಗೆ, ಅದನ್ನು ಮೀರಿದ ಕೋಣೆಗೆ ಶೇಕಡಾ 18ರಷ್ಟು. ಸಾಮಾನ್ಯ ಮನುಷ್ಯನು ಇದನ್ನು ಓದಿ ಮರೆತುಬಿಡುತ್ತಾನೆ. ರಾಯರು ಇದನ್ನು ಧ್ಯಾನಿಸಿದರು. 7,500ರ ಕೋಣೆ ತೆರಿಗೆ ಸೇರಿ 7,875ಕ್ಕೆ ಮುಗಿಯುತ್ತದೆ, 7,600ರ ಕೋಣೆ 8,968ಕ್ಕೆ ಹೋಗಿ ನಿಲ್ಲುತ್ತದೆ. ಅಂದರೆ ನೂರು ರೂಪಾಯಿಯ ವಿಲಾಸಕ್ಕೆ ಒಟ್ಟು 1,093 ರೂಪಾಯಿಯ ದಂಡ. "ಇದು ಲಕ್ಷ್ಮಣ ಹಾಕಿದ ಗೆರಿ ನೋಡ್ರಿ, ದಾಟಿದ್ರ ರಾವಣ ಒಯ್ತಾನ" ಎಂದು ಅವರು ಮೆಟ್ಟಿಲಿನ ಮೇಲೆ ನನ್ನನ್ನು ತಡೆದು ನಿಲ್ಲಿಸಿ ಉಪದೇಶಿಸಿದಾಗ ನನ್ನ ಕೈಯಲ್ಲಿ ಹಾಲಿನ ಪಾತ್ರೆಯಿತ್ತು, ಒಳಗೆ ಒಲೆ ಹೊತ್ತಿತ್ತು.

ಆಮೇಲೆ ಅವರು ಗೋವೆಯ ವಿಲ್ಲಾವೊಂದರ ವ್ಯವಸ್ಥಾಪಕನೊಡನೆ ಫೋನಿನಲ್ಲಿ ನಡೆಸಿದ ಸಂವಾದವನ್ನು ನಾನು ಕಿವಿಯಾರೆ ಕೇಳಿದ್ದೇನೆ. ದಿನಕ್ಕೆ 28,000 ರೂಪಾಯಿಯ ಆ ವಿಲ್ಲಾದಲ್ಲಿ ಕೋಣೆಗಳು ನಾಲ್ಕು. ಒಂದೊಂದು ಕೋಣೆಯೂ ಒಂದೊಂದು ಘಟಕವೆಂದು ಹಿಡಿದರೆ ತಲಾ 7,000ವಾಗಿ ತೆರಿಗೆ ದಿನಕ್ಕೆ 1,400. ಇಡೀ ವಿಲ್ಲಾ ಒಂದೇ ಘಟಕವೆಂದರೆ 5,040. ಮಧ್ವಮತದವರಾದ ರಾಯರು ಭೇದವನ್ನೂ, ಆ ಅನಾಮಿಕನು ಶುದ್ಧಾದ್ವೈತವನ್ನೂ ಪ್ರತಿಪಾದಿಸಿದ ಆ ವಾದ ನಲವತ್ತು ನಿಮಿಷ ನಡೆಯಿತು. "ಅಂಕಲ್, ವಿಲ್ಲಾ ಪೂರಾ ಏಕ್ ಹೈ" ಎಂದು ಅವನು. "ತೋ ಚಾರ್ ದರ್ವಾಜೇ ಕಾಯ್ಕೂ?" ಎಂದು ಇವರು, ಈ ಊರಿನ ದಖ್ಖನಿಯಲ್ಲಿ. ಕಡೆಗೆ ಅವನು ಫೋನಿಟ್ಟ. ಅವನಿಗೆ ಉತ್ತರ ಹೊಳೆಯಲಿಲ್ಲವೆಂದು ರಾಯರು ಷರಾ ಬರೆದುಕೊಂಡರು.

ಮಿಕ್ಕ ಅಧ್ಯಾಯಗಳನ್ನು ಸಂಕ್ಷೇಪಿಸುತ್ತೇನೆ. ಡಿಸೆಂಬರಿನ ಕಡೆಯ ವಾರದಲ್ಲಿ ಗೋವೆಯ ಬಾಡಿಗೆ ಆಕಾಶಕ್ಕೇರುವುದೆಂದು ತಿಳಿದು ಅವರು ಜುಲೈ ತಿಂಗಳನ್ನು ಸೂಚಿಸಿದರು. ಮಳೆಗಾಲದಲ್ಲಿ ತೀರದ ಚಪ್ಪರದ ಹೋಟೆಲುಗಳನ್ನು ಕಳಚಿಟ್ಟಿರುತ್ತಾರೆ, ಕೆಂಪು ಬಾವುಟ ಹಾರಿಸಿ ನೀರಿಗಿಳಿಯಬೇಡಿರೆನ್ನುತ್ತಾರೆ ಎಂದು ಸೊಸೆ ತಿಳಿಸಿದಾಗ, "ಸಮುದ್ರ ಇರೋದು ನೋಡಲಿಕ್ಕವಾ, ಇಳೀಲಿಕ್ಕಲ್ಲ" ಎಂದರು. ಹಾಗಾದರೆ ಈಜುಕೊಳವೇಕೆ ಎಂದು ಕೇಳಿದರೆ, ಪಕ್ಕದಲ್ಲಿಯೇ ಅಷ್ಟೊಂದು ನೀರಿರುವಾಗ ಕೊಳದ ಬಾಬ್ತು ಬಾಡಿಗೆಯಲ್ಲಿ ಎಷ್ಟು ಕಡಿತ ಕೇಳಬಹುದೆಂದು ನನ್ನನ್ನೇ ತಿರುಗಿ ಕೇಳಿದರು. ನಾಲ್ಕು ದಿನದ ಪ್ರವಾಸದಲ್ಲಿ ಒಂದು ಏಕಾದಶಿ ಬರುವಂತೆ ಪಂಚಾಂಗ ನೋಡಿ ದಿನಾಂಕ ಗೊತ್ತುಮಾಡಿದ್ದೂ ಉಂಟು; ಒಂದು ದಿನದ ಭೋಜನದ ವೆಚ್ಚ ಸಂಪೂರ್ಣ ಉಳಿಯಿತೆಂದು ಹಿಗ್ಗುತ್ತಿರುವಾಗಲೇ, ಮರುದಿನ ದ್ವಾದಶಿಯ ಪಾರಣೆಗೆ ಎಲ್ಲರೂ ಎರಡರಷ್ಟು ಉಣ್ಣುವರೆಂಬುದು ನೆನಪಾಗಿ, 'ದ್ವಾದಶಿಯ ಹೊಂದಾಣಿಕೆ' ಎಂಬ ಹೊಸ ಬಾಬ್ತನ್ನು ತೆರೆಯಬೇಕಾಯಿತು.

ಇವೆಲ್ಲ ಲೋಕಕ್ಕೆ ಕೊಟ್ಟ ಹಿಂಸೆ. ನನಗೆಂದೇ ತೆಗೆದಿರಿಸಿದ್ದು ಇಡ್ಲಿಯ ಹಿಂಸೆ.

ವಿಲ್ಲಾದ ಬಾಡಿಗೆಯಲ್ಲಿ ಬೆಳಗಿನ ಉಪಾಹಾರ ಸೇರಿಲ್ಲವೆಂಬುದು ಪತ್ತೆಯಾದ ಮರುದಿನ, ಭಾನುವಾರ ಬೆಳಗ್ಗೆ ಎಂಟು ಗಂಟೆಗೆ, ರಾಯರು ಪುಸ್ತಕದೊಡನೆ ನಮ್ಮ ಮನೆಗೆ ಆಗಮಿಸಿದರು. ಆ ಹೊತ್ತಿಗೆ ನಮ್ಮಲ್ಲಿ ಇಡ್ಲಿಯೇ ಬೆಂದಿದ್ದುದು ದೈವಸಂಕಲ್ಪವಿರಬೇಕು. ತಟ್ಟೆ ಬಂದಿತು, ಅದರೊಡನೆ ಪ್ರಶ್ನೆಯೂ ಬಂದಿತು.

"ಖರೇ ಹೇಳ್ರಿ, ಮುಂಜಾನಿ ನೀವು ಎಷ್ಟು ಇಡ್ಲಿ ತಿಂತೀರಿ?"

ಡಾಕ್ಟರರು ಹೇಳಿದ್ದು ಎರಡು, ನಾನು ತಿನ್ನುವುದು ನಾಲ್ಕು, ಪತ್ನಿ ಪಕ್ಕದಲ್ಲಿ ನಿಂತಿದ್ದಳು. ಮರ್ಯಾದೆಗೂ ಸತ್ಯಕ್ಕೂ ನಡುವೆ ಒಂದು ಸಂಖ್ಯೆಯನ್ನು ಹುಡುಕಿ "ಮೂರು" ಎಂದೆ.

"ಪಕ್ಕಾ?"

"ಪಕ್ಕಾ."

"ಚಟ್ನಿ ಎರಡನೇ ಸಲ ಕೇಳ್ತೀರೇನು? ವಡಾ? ವೈನಿಯವರ, ನಿಮ್ದು?" ಎಂದು ಒಂದೊಂದನ್ನೂ ನೀಲಿಯಲ್ಲಿ ಬರೆದುಕೊಂಡು, "ಸಮುದ್ರದ ಗಾಳಿಗೆ ಹಸಿವಿ ಹೆಚ್ಚಾಗತದ. ಶೇಕಡಾ ಇಪ್ಪತ್ತು ಹಚ್ಚಿದ್ರ ನಿಮ್ದು ಮೂರು ಪಾಯಿಂಟ್ ಆರು" ಎಂದರು.

"ಪಾಯಿಂಟ್ ಆರು ಇಡ್ಲಿ ಯಾವ ಹೋಟೆಲಿನಲ್ಲಿ ಕೊಡುತ್ತಾರೆ, ರಾಯರೆ?"

"ಅದು ಸರಾಸರಿ, ರೀ" ಎಂದು, ಲೆಕ್ಕ ತಿಳಿಯದವನ ಮೇಲೆ ಬೀರುವ ಕನಿಕರದ ದೃಷ್ಟಿಯನ್ನು ನನ್ನ ಮೇಲೆ ಬೀರಿದರು.

ಸಾಮಾನ್ಯ ಹೋಟೆಲಿನಲ್ಲಿ ತಿಂದರೆ ತೆರಿಗೆ ಶೇಕಡಾ 5, ದುಬಾರಿ ಕೋಣೆಗಳ ದೊಡ್ಡ ಹೋಟೆಲಿನೊಳಗಿನ ಭೋಜನಶಾಲೆಯಲ್ಲಿ ಶೇಕಡಾ 18, ಅಡುಗೆಯವನನ್ನು ಗೊತ್ತುಮಾಡಿದರೆ ದಿನಗೂಲಿಯ ಮೇಲೆ ಅವನೂ ಇಡ್ಲಿ ತಿನ್ನುತ್ತಾನೆ, ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ದರೆ ಹೇಗೆ ಎಂಬ ನಾಲ್ಕು ಮಾರ್ಗಗಳನ್ನು ವಿವರಿಸುತ್ತ, ರಾಯರು ತಾವೇ ಐದು ಇಡ್ಲಿಗಳನ್ನು ಲೆಕ್ಕವಿಲ್ಲದೆ ಮುಗಿಸಿದರು. ನನ್ನ ತಟ್ಟೆಯಲ್ಲಿ ಮಾತ್ರ ನಾಲ್ಕನೆಯದು ಬಿಳಿಯದಾಗಿ, ಮೃದುವಾಗಿ, ನಿಧಾನವಾಗಿ ಆರುತ್ತ ಕುಳಿತಿತ್ತು. ಮೂರೆಂದು ಘೋಷಿಸಿದವನು ಅದಕ್ಕೆ ಕೈಹಾಕುವುದೆಂತು? ಅವರು ಎದ್ದು ಬಾಗಿಲು ದಾಟಿದೊಡನೆ ನಾನು ಅದನ್ನು ಇಡಿಯಾಗಿ ಬಾಯಿಗಿಟ್ಟುಕೊಂಡೆ. ಅದೇ ಕ್ಷಣದಲ್ಲಿ ಅವರು ಮರೆತ ಪೆನ್ಸಿಲಿಗಾಗಿ ಹಿಂದಿರುಗಿದರು. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅವರೂ ಮಾತಾಡಲಿಲ್ಲ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದರು.

ಈ ಗುಣಕ್ಕೆ ಊರಿನ ಮಣ್ಣೂ ಸ್ವಲ್ಪ ಕಾರಣವೇನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. 1937ರ ಫೆಬ್ರವರಿಯಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಜಗತ್ತಿನ ಅತ್ಯಂತ ಸಿರಿವಂತನೆಂದು ಮುಖಪುಟದಲ್ಲಿ ಮೆರೆಸಿದ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರು, 184 ಕ್ಯಾರೆಟ್ಟಿಗೂ ಮಿಕ್ಕ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಒತ್ತಿಡುವ ಗುಂಡನ್ನಾಗಿ ಬಳಸುತ್ತಿದ್ದರೆಂದೂ, ಹಾಗಿದ್ದೂ ಉಡುಗೆತೊಡುಗೆಯಲ್ಲಿ ಕಡು ಮಿತವ್ಯಯಿಯಾಗಿದ್ದರೆಂದೂ ಪ್ರತೀತಿ. ಅವರಿಗೂ ಕಡಲಿರಲಿಲ್ಲ. ಗೋಲ್ಕೊಂಡದ ಸುಲ್ತಾನರಿಗೆ ಮಚಲೀಪಟ್ಟಣವಾದರೂ ಇತ್ತು. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಸರ್ಕಾರಗಳೆಂಬ ಕರಾವಳಿಯ ಜಿಲ್ಲೆಗಳು ಇಂಗ್ಲಿಷರ ಪಾಲಾದ ಮೇಲೆ ನಿಜಾಮರಿಗೆ ಆ ತೀರವೂ ಉಳಿಯಲಿಲ್ಲ. 1947ರ ಸುಮಾರಿಗೆ ಪೋರ್ಚುಗೀಸರಿಂದ ಗೋವೆಯ ಮರ್ಮಗೋವಾ ಬಂದರನ್ನು ಪಡೆಯುವ ಮಾತುಕತೆ ಎದ್ದು, ಫಲಿಸದೆ ಹೋಯಿತು. ಇದನ್ನು ಹೇಳಿ ರಾಯರನ್ನು ಹಂಗಿಸಬೇಕೆಂದು ಹೋದರೆ, ಅವರು ಗಂಭೀರವಾಗಿ ತಲೆದೂಗಿ, "ಅವರೂ ಅಂದಾಜು ಮಾಡಿಸಿ ನೋಡಿರಬೇಕ್ರಿ" ಎಂದರು.

ರಾಯರನ್ನು ಕಂಡು ನಗುವ ಅಧಿಕಾರ ನನಗಾದರೂ ಎಷ್ಟಿದೆ? ಮೂರು ವರ್ಷದ ಹಿಂದೆ, ಇನ್ನೇನು ಹೊರಟೇಬಿಟ್ಟೆವೆಂಬ ಭರವಸೆಯಲ್ಲಿ, ಸುಲ್ತಾನ್ ಬಜಾರಿನಲ್ಲಿ ಒಂದು ಹುಲ್ಲಿನ ಟೋಪಿಯನ್ನೂ ತಾಳೆಮರಗಳ ಚಿತ್ರವುಳ್ಳ ಒಂದು ಅರ್ಧ ಚಡ್ಡಿಯನ್ನೂ ಗುಟ್ಟಾಗಿ ಕೊಂಡುತಂದೆ. ಟೋಪಿ ಕಪಾಟಿನ ಮೇಲಿದೆ. ಚಡ್ಡಿಯ ಗುಂಡಿ ಈಗ ಹಾಕಲು ಬರುವುದಿಲ್ಲ. ಮೂರು ಮತ್ತು ನಾಲ್ಕು ಇಡ್ಲಿಗಳ ಅಂತರ ಅಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಮುನ್ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಬಾಪಟ್ಲದ ಸೂರ್ಯಲಂಕ ಇದೆ, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಅಲೆಗಳಲ್ಲಿ ಕಾಲಿಡಬಹುದು. ನಾನೂ ಹೋಗಿಲ್ಲ. ಗೋವೆಯ ಅಂದಾಜು ನಡೆಯುತ್ತಿರುವಾಗ ಬಾಪಟ್ಲಕ್ಕೆ ಹೋಗುವುದು ಅಪಚಾರವೆಂದು ತೋರುತ್ತದೆ.

ಆಶ್ಚರ್ಯವೆಂದರೆ, ಇದೇ ರಾಯರು ವರ್ಷಕ್ಕೆರಡು ಸಲ ಪತ್ನಿಯೊಡನೆ ಮಂತ್ರಾಲಯಕ್ಕೆ ಹೋಗಿಬರುತ್ತಾರೆ, ತುಂಗಭದ್ರೆಯಲ್ಲಿ ಮುಳುಗೇಳುತ್ತಾರೆ, ಅದಕ್ಕೆ ಒಂದು ಚೀಟಿಯಷ್ಟೂ ಅಂದಾಜಿಲ್ಲ. "ರಾಯರ ಹತ್ರ ಎಂಥಾ ಹಿಸಾಬ್ರಿ?" ಎನ್ನುತ್ತಾರೆ. ಆ ತಾಯಿಯನ್ನು ಒಮ್ಮೆ, "ವೈನಿ, ಈ ವರ್ಷವಾದರೂ ಸಮುದ್ರವೋ?" ಎಂದು ಕೇಳಿದೆ. ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತದೆ, "ಅದು ಎಲ್ಲಿ ಹೋಗತದರಿ, ಅಲ್ಲೇ ಇರತದ" ಎಂದರು.

ಕಳೆದ ವಾರ ರಾಯರು ಕೂಡುವ ಯಂತ್ರವನ್ನು ನಂಬದೆ, ಒಟ್ಟು ಮೊತ್ತವನ್ನು ಪರಿಶೀಲಿಸಿಕೊಡಿರೆಂದು ಪುಸ್ತಕವನ್ನು ನನ್ನಲ್ಲಿ ಬಿಟ್ಟುಹೋದರು. ಕೂಡಿದೆ, ನಾಲ್ವತ್ತು ರೂಪಾಯಿಯ ತಪ್ಪು ಸಿಕ್ಕಿತು, ನನಗಾದ ಆನಂದವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ಹುಮ್ಮಸ್ಸಿನಲ್ಲಿ ಹಿಂದಿನ ಪುಟಗಳನ್ನೂ ತಿರುವಿಹಾಕಿದೆ. ಮೊದಲ ಪುಟ 1986ರದು, ಅವರ ಮದುವೆಯ ವರ್ಷ. ಗೋಕರ್ಣ. ಜನ: 2. ಬಸ್ಸು, ಲಾಡ್ಜು, ಎಳನೀರು 2. ಷರಾ: 'ತಂಗಿಯ ಮದುವೆ. ಮುಂದಿನ ವರ್ಷಕ್ಕೆ.' 1994. ಜನ: ದೊಡ್ಡವರು 3, ಅರ್ಧ 2. 'ಅಮ್ಮನಿಗೆ ಮೆತ್ತನೆಯ ಹಾಸಿಗೆ' ಎಂದು ಪ್ರತ್ಯೇಕ ಬಾಬ್ತು. ಷರಾ: 'ಸ್ಕೂಟರಿನ ಕಂತು.' 2005. ಅರ್ಧಗಳೆರಡೂ ಪೂರ್ಣವಾಗಿದ್ದವು. ಷರಾ: 'ಮಗನ ಕಾಲೇಜಿನ ಫೀಸು.' 2011ರ ಪುಟದಲ್ಲಿ ಜನರ ಕಾಲಮಿನಿಂದ 'ಅಮ್ಮ' ಎಂಬುದನ್ನು ಕೆಂಪು ಪೆನ್ಸಿಲಿನಿಂದ ನೇರವಾದ ಒಂದು ಗೆರೆಯಲ್ಲಿ ಹೊಡೆದುಹಾಕಿತ್ತು. ಮೆತ್ತನೆಯ ಹಾಸಿಗೆಯ ಬಾಬ್ತು ಹಾಗೆಯೇ ಇತ್ತು. ಷರಾ ಇರಲಿಲ್ಲ. ಮೊತ್ತವನ್ನೂ ಕೂಡಿರಲಿಲ್ಲ. ಮೂವತ್ತೈದು ವರ್ಷ ಪರರ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಬಿಡದಿದ್ದ ಆ ಕೈ, ಇಡೀ ಪುಸ್ತಕದಲ್ಲಿ ಅದೊಂದು ಪುಟವನ್ನು ಹಾಗೆಯೇ ಬಿಟ್ಟಿತ್ತು.

ಹೋಗದ ಪ್ರವಾಸದ ಲೆಕ್ಕವೆಂದು ನಾನು ನಗುತ್ತಿದ್ದುದು ಒಂದು ಸಂಸಾರದ ವೃತ್ತಾಂತವಾಗಿತ್ತು. ಯಾರಾರನ್ನು ಕರೆದುಕೊಂಡು ಹೋಗಬೇಕೆಂದು ವರ್ಷವರ್ಷವೂ ಎಣಿಸುವುದರಲ್ಲಿ, ಯಾರಿಗೆ ಎಂಥ ಹಾಸಿಗೆ ಬೇಕು, ಯಾರು ಎಷ್ಟು ಉಣ್ಣುತ್ತಾರೆ ಎಂದು ವಿಚಾರಿಸುವುದರಲ್ಲಿ, ಈ ಮನುಷ್ಯ ತನ್ನ ಬಾಯಿಂದ ಎಂದೂ ಹೊರಡದ ಮಾತನ್ನು ಅಂಕಿಗಳಲ್ಲಿ ಆಡುತ್ತ ಬಂದಿದ್ದರೋ ಏನೋ. ಪ್ರೀತಿಸಬೇಕಾದವರ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದೂ ಪ್ರೀತಿಯ ಒಂದು ವಿಧಾನವೇ ಆಗಿರಬಹುದು, ನಾವು ಅವಸರದವರು ಅದನ್ನು... ಎಂದು ನಾನು ಉಪದೇಶದ ದಾರಿ ಹಿಡಿಯುವಷ್ಟರಲ್ಲಿ ಪುಟಗಳು ಮಗುಚಿ ಈ ವರ್ಷದ್ದು ತೆರೆದುಕೊಂಡಿತು. ಗೋವಾ. ದೊಡ್ಡವರು 8, ಅರ್ಧ 1. ಪುಣೆಯ ಮಗಳು ಅಳಿಯಂದಿರೂ, ಮೊಮ್ಮಗಳೂ, ಕಡೆಯಲ್ಲಿ ನಾವಿಬ್ಬರೂ ಅದರಲ್ಲಿದ್ದೇವೆ. ನನ್ನ ಹೆಸರಿನ ಎದುರು ಇಡ್ಲಿಯ ಕಾಲಮಿನಲ್ಲಿ ನೀಲಿಯ 3ನ್ನು ಕೆಂಪಿನಲ್ಲಿ ಹೊಡೆದು 4 ಎಂದು ತಿದ್ದಿತ್ತು. ಅದರ ಮುಂದೆ, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ, ಷರಾ:

'ಹೇಳುವುದು ಮೂರು. ತಿನ್ನುವುದು ನಾಲ್ಕು. ನಾಲ್ಕೇ ಹಿಡಿಯತಕ್ಕದ್ದು.'